ರೂಟರ್ ಬಿಚ್ಚಿಟ್ಟು ಪೆನ್ನು ಕಟ್ಟಿದೆ: ಅಕ್ಕನ ಬೆಲ್ಲದಂಗಡಿಯ ಬೋರ್ಡುಗಳು

ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೋಗುವಾಗ ಸರ್ವಿಸ್ ರಸ್ತೆ ಪಕ್ಕ ಅಕ್ಕನ ಬೆಲ್ಲದಂಗಡಿ. ಒಂದು ಶೆಡ್, ಮುಂದೆ ಉದ್ದದ ಮೇಜು. ಮೇಜಿನ ಮೇಲೆ ಅಚ್ಚು ಬೆಲ್ಲ, ಉಂಡೆ ಬೆಲ್ಲ, ಕುರಿಕಾಟು, ಬಕೆಟ್ ಬೆಲ್ಲ, ಬೆಲ್ಲದ ಪುಡಿ. 2023ರಲ್ಲಿ ಎಕ್ಸ್‌ಪ್ರೆಸ್ ಹೈವೇ ಉದ್ಘಾಟನೆ ಆದಮೇಲೆ ಜೋರಾಗಿ ಹೋಗುವ ಗಾಡಿಗಳೆಲ್ಲ ಬೇಲಿಯ ಆಚೆ. ಈಚೆ ಬರುವವರು ನಿಧಾನಕ್ಕೆ ಬರುತ್ತಾರೆ, ನಿಲ್ಲಿಸುತ್ತಾರೆ, ಒಂದೊಂದನ್ನೂ ತೋರಿಸಿ ಇದೇನು, ಅದೇನು ಅಂತ ಕೇಳುತ್ತಾರೆ. ದಿನವಿಡೀ ಅದನ್ನೇ ಹೇಳಿ ಅಕ್ಕನಿಗೆ ಸಾಕಾಗಿತ್ತು.

"ನಿನ್ ಮಿಷಿನ್ನಲ್ಲಿ ಒಂದೈದು ಬೋರ್ಡ್ ಬರ್ದುಕೊಡೋ. ಸುಮ್ನೆ ಧೂಳು ತಿಂತಾ ಕೂತದೆ" ಅಂದಳು. ಚುಚ್ಚಿತು, ಯಾಕೆಂದರೆ ನಿಜ. ಮಿಷಿನ್ ಅಂದರೆ ನನ್ನ ಸಿಎನ್‌ಸಿ ರೂಟರ್, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡಿ ಮರ ಕೆತ್ತುವ ಯಂತ್ರ.

ಮೊದಲು ಮಾಡಿದ್ದು ಕೆತ್ತನೆ. ಮರದ ಹಲಗೆ, ವಿ ಆಕಾರದ ಕೊರೆಯುವ ಬಿಟ್, ಆಳವಾದ ಅಕ್ಷರ. ನೋಡೋಕೆ ಚೆನ್ನಾಗಿತ್ತು. ಮೂರನೇ ದಿನ ಅಕ್ಕ ಫೋಟೋ ಕಳಿಸಿದಳು. ಅಕ್ಷರದ ಹಳ್ಳಗಳಲ್ಲಿ ಬೆಲ್ಲದ ಪುಡಿ ಸೇರಿಕೊಂಡು, ಇರುವೆಗಳು 'ಅಚ್ಚು ಬೆಲ್ಲ' ಅಂತ ಸಾಲಾಗಿ ಬರೆದುಕೊಂಡು ಹೋಗುತ್ತಿದ್ದವು. ಅಲ್ಲಿಗೆ ಕೆತ್ತನೆ ಮುಗಿಯಿತು. ಒರೆಸಿದರೆ ಹೋಗುವಂತೆ ಮೇಲ್ಮೈ ನುಣ್ಣಗಿರಬೇಕು. ಅಂದರೆ ಬರೆಯಬೇಕು. ಅಂದರೆ ಪೆನ್ನು.

ಮಿಷಿನ್ ಬಗ್ಗೆ ಎರಡು ಮಾತು. ಅಲ್ಯುಮಿನಿಯಂ ಪ್ರೊಫೈಲ್‌ನಲ್ಲಿ ನಾನೇ ಕಟ್ಟಿದ್ದು. 60 × 40 ಸೆಂ.ಮೀ. ಜಾಗದಲ್ಲಿ ಓಡಾಡುತ್ತದೆ. ನೀಮಾ 17 ಮೋಟರ್, ಅದು ತಿರುಗಿಸುವ ಟಿ8 ಲೀಡ್ ಸ್ಕ್ರೂ, ಆರ್ಡುಯಿನೊ ಊನೊ ಅನ್ನೋ ಪುಟ್ಟ ಕಂಟ್ರೋಲರ್ ಮೇಲೆ ಸಿಎನ್‌ಸಿ ಶೀಲ್ಡ್, ಒಳಗೆ ಮೋಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಹೋಗುತ್ತದೆ. ಮೋಟರ್‌ಗೆ ಸುತ್ತಿಗೆ 200 ಸ್ಟೆಪ್, ಡ್ರೈವರ್ ಅದನ್ನು 16 ಪಾಲು ಮಾಡುತ್ತದೆ. 3200 ಭಾಗಿಸು 8, ಮಿ.ಮೀ.ಗೆ 400 ಸ್ಟೆಪ್. ಅಕ್ಷರ ಬರೆಯೋಕೆ ಇಷ್ಟು ನಿಖರತೆ ಬೇಕಾಗಿಯೇ ಇಲ್ಲ.

ಪೆನ್ನು ಹಿಡಿಸೋದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಎರಡು ವಾರ ಹಿಡಿಯಿತು.

ಮೊದಲ ದಿನ ಬಿಟ್ ತಿರುಗಿಸುವ ಸ್ಪಿಂಡಲ್ ಪಕ್ಕಕ್ಕೇ ರಬ್ಬರ್ ಬ್ಯಾಂಡಿನಲ್ಲಿ ಮಾರ್ಕರ್ ಕಟ್ಟಿದೆ. ನನ್ನ ಮಿಷಿನ್ನಿನ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಾಸು ಕಳೆದ ಮಳೆಗಾಲದಲ್ಲಿ ಉಬ್ಬಿಕೊಂಡಿದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ 2 ಮಿ.ಮೀ. ಏರುಪೇರು. ರೂಟರ್ ಬಿಟ್‌ಗೆ ಅದು ಲೆಕ್ಕವೇ ಅಲ್ಲ, ಕೊರೆದುಕೊಂಡು ಹೋಗುತ್ತದೆ. ಪೆನ್ನು ಹಾಗಲ್ಲ. ಎಡಗಡೆ ಗಾಳಿಯಲ್ಲಿ ಬರೆಯಿತು, ಬಲಗಡೆ ನಿಬ್ಬನ್ನು ಜಜ್ಜಿ ಹಾಕಿತು. ರೂಟರ್ ಕೆಲಸ ಒತ್ತೋದು. ಪೆನ್ನಿಗೆ ಒತ್ತೋದು ಬೇಡ, ಸುಮ್ಮನೆ ತನ್ನ ಭಾರದಲ್ಲಿ ಕೂರಬೇಕು. ಹಾಸು ಏರಿದರೆ ಏರಬೇಕು, ಇಳಿದರೆ ಇಳಿಯಬೇಕು.

ಎರಡನೆಯದು ಪಿವಿಸಿ ಪೈಪ್. ಕರೆಂಟ್ ವೈರಿಂಗ್ ಪೈಪಿನೊಳಗೆ ಮಾರ್ಕರ್, ಮೇಲೆ ಬಾಲ್‌ಪೆನ್ನಿನ ಸ್ಪ್ರಿಂಗ್. ಮೇಲೆ ಕೆಳಗೆ ಆಡಿತು, ಸರಿ. ಆದರೆ ಅಕ್ಕಪಕ್ಕಕ್ಕೂ ಆಡಿತು. ಪೈಪಿಗೂ ಮಾರ್ಕರ್‌ಗೂ ನಡುವೆ ಒಂದು ಮಿ.ಮೀ. ಸಡಿಲ ಸಾಕು, ದಿಕ್ಕು ಬದಲಾದ ಕಡೆಯೆಲ್ಲ ಗೆರೆಗೆ ಒಂದು ಪುಟ್ಟ ಕೊಕ್ಕೆ ಬರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಅದು ಹೆಚ್ಚು ಕಾಣದಿರಬಹುದು. ಕನ್ನಡದಲ್ಲಿ ಪೆನ್ನು ದಿಕ್ಕು ಬದಲಿಸದ ಜಾಗ ಯಾವುದಿದೆ ಹೇಳಿ?

ಮೂರನೆಯದು ನಿಂತಿತು. 100 ಮಿ.ಮೀ. ಉದ್ದದ ಎಂಜಿಎನ್9 ಲೀನಿಯರ್ ರೈಲ್. ಅದನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಜಾರುವ ಪುಟ್ಟ ಗಾಡಿಗೆ ಪೆನ್ನಿನ ಕ್ಲಾಂಪ್ ಹಾಕಿದೆ. ಸ್ಪ್ರಿಂಗ್ ಇಲ್ಲ, ರಬ್ಬರ್ ಇಲ್ಲ, ಭಾರವೇ ಎಲ್ಲ. ಹಿಡಿದುಕೊಳ್ಳೋಕೆ 52 ಮಿ.ಮೀ. ಅಡ್ಡಗಲದ ಪ್ಲೈವುಡ್ ಬಿಲ್ಲೆ ಎರಡು ಬೇಕಿತ್ತು, ಸ್ಪಿಂಡಲ್ ಕೂರುವ ಜಾಗಕ್ಕೆ. ಆ ಬಿಲ್ಲೆಗಳನ್ನು ಕತ್ತರಿಸಿಕೊಟ್ಟ ಮೇಲೆಯೇ ಸ್ಪಿಂಡಲ್ ಬಿಚ್ಚಿ ಕಪಾಟಿಗೆ ಹೋಯಿತು.

ಇಲ್ಲೊಂದು ಎಚ್ಚರಿಕೆ. ರೈಲಿನ ಕೊನೆಗೆ ತಡೆ ಹಾಕದೆ ಗಾಡಿಯನ್ನು ಮುಟ್ಟಬೇಡಿ. ನಾನು ಹಾಕಿರಲಿಲ್ಲ. ಗಾಡಿ ಜಾರಿ ಕೆಳಗೆ ಬಿತ್ತು. ಅದರೊಳಗಿನ ಸಾಸಿವೆ ಕಾಳಿನಷ್ಟು ಗುಂಡುಗಳು ಚೆಲ್ಲಾಪಿಲ್ಲಿ. ಸ್ಪೀಕರ್‌ನ ಆಯಸ್ಕಾಂತ ಹಿಡಿದು ನೆಲ ಗುಡಿಸಿದೆ. ಸ್ಕ್ರೂ, ಎಂದೋ ಕಳೆದ ಅಲೆನ್ ಕೀ ಎಲ್ಲ ಸಿಕ್ಕಿತು. ಗುಂಡುಗಳು ಪೂರ್ತಿ ಸಿಗಲಿಲ್ಲ. ಇನ್ನೊಂದು ರೈಲ್ ತರಿಸಿದೆ. ಈಗ ಕೆಳಗೊಂದು ಸ್ಕ್ರೂ, ಮೇಲೊಂದು ಸ್ಕ್ರೂ. ನಡುವೆ ಗಾಡಿಗೆ ಆಡೋಕೆ 7 ಮಿ.ಮೀ. ಜಾಗ.

ಪೆನ್ನು ಯಾವುದು? ನೀರಿನ ಮಾರ್ಕರ್ ಒರೆಸಿದರೆ ಹೋಗುತ್ತದೆ. ಹಾಗಾಗಿ ಆಯಿಲ್ ಪೇಂಟ್ ಮಾರ್ಕರ್. ಅಲ್ಲಾಡಿಸಿದರೆ ಒಳಗೆ ಗುಂಡು ಟಕಟಕ ಅನ್ನುತ್ತದಲ್ಲ, ಅದು. ನಿಬ್ಬನ್ನು ಒತ್ತಿದರೆ ಒಳಗಿನ ವಾಲ್ವ್ ತೆರೆದು ಪೇಂಟ್ ಇಳಿಯುತ್ತದೆ. ಅದಕ್ಕೇ ಭಾರ ಮುಖ್ಯ. ಗೆರೆ ದಟ್ಟವಾಗಲಿ ಅಂತ ಗಾಡಿಗೆ ನಾಲ್ಕು ನಟ್ಟು ಕಟ್ಟಿದ್ದೆ. ವಾಲ್ವ್ ತೆರೆದೇ ಉಳಿದು ಬೋರ್ಡಿನ ಮೇಲೆ ಕೆರೆ ಆಯಿತು. ನಟ್ಟು ತೆಗೆದೆ. ಪೆನ್ನು ಮತ್ತು ಕ್ಲಾಂಪಿನ ಭಾರವೇ ಸಾಕು.

ಬರೆಯುವಾಗ ನಿಬ್ ಮುಟ್ಟಿದ ಮೇಲೆ ಝಡ್, ಅಂದರೆ ಮೇಲೆ ಕೆಳಗೆ ಹೋಗುವ ಅಕ್ಷ, ಇನ್ನೂ 3 ಮಿ.ಮೀ. ಇಳಿಯುತ್ತದೆ. ಪೆನ್ನು ಅಷ್ಟು ಮೇಲೆ ತೇಲುತ್ತದೆ. ಹಾಸಿನ 2 ಮಿ.ಮೀ. ಏರುಪೇರು ಅದರಲ್ಲಿ ಮುಳುಗಿಹೋಯಿತು. ಒಂದು ಸಣ್ಣ ಉಪಾಯವೂ ಹೊಳೆಯಿತು. ಮೂಲೆಯಲ್ಲಿ ರಟ್ಟಿನ ತುಂಡು ಅಂಟಿಸಿ, ಅಲ್ಲಿಗೆ ಹೋಗಿ 8 ಮಿ.ಮೀ. ಇಳಿಯಲು ಹೇಳಿದೆ. 7 ಮಿ.ಮೀ.ಗೆ ಗಾಡಿ ಮೇಲಿನ ಸ್ಕ್ರೂಗೆ ತಗಲುತ್ತದೆ. ಉಳಿದ ಒಂದು ಮಿ.ಮೀ. ನಿಬ್ಬನ್ನು ಒತ್ತುತ್ತದೆ, ಪೇಂಟ್ ಇಳಿಯುತ್ತದೆ. ತಾನೇ ಶಾಯಿ ಅದ್ದಿಕೊಳ್ಳುವ ಮಿಷಿನ್!

ಈ ಖುಷಿಯಲ್ಲೇ ದೊಡ್ಡ ಪೆಟ್ಟು ತಿಂದೆ. ಚಿತ್ರವನ್ನು ಜಿ ಕೋಡ್, ಅಂದರೆ ಮಿಷಿನ್‌ಗೆ ಅರ್ಥವಾಗುವ ಆಜ್ಞೆ, ಮಾಡುವ ಸಾಫ್ಟ್‌ವೇರಿನಲ್ಲಿ, ಪೆನ್ನು ಇಳಿದ ಮೇಲೆ ಸ್ವಲ್ಪ ತಡೆದು ಹೊರಡಲಿ ಅಂತ ಜಿ4 ಪಿ200 ಹಾಕಿದ್ದೆ. ತ್ರೀಡಿ ಪ್ರಿಂಟರ್‌ಗಳಲ್ಲಿ ಓಡುವ ಮಾರ್ಲಿನ್ ಸಾಫ್ಟ್‌ವೇರಿಗೆ ಪಿ ಅಂದರೆ ಮಿಲಿಸೆಕೆಂಡ್. ಜಿಆರ್‌ಬಿಎಲ್‌ಗೆ ಪಿ ಅಂದರೆ ಸೆಕೆಂಡ್. ಸ್ಟಾರ್ಟ್ ಒತ್ತಿ ಕಾಫಿ ಕುಡಿಯೋಕೆ ಕೆಳಗೆ ಹೋದೆ. ಪೆನ್ನು ಮೊದಲ ಚುಕ್ಕಿ ಇಟ್ಟು ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಧ್ಯಾನಕ್ಕೆ ಕೂತಿತ್ತು. ವಾಪಸ್ ಬಂದಾಗ 'ಅ' ಇರಬೇಕಾದ ಜಾಗದಲ್ಲಿ ನಾಲ್ಕಾಣೆಯಷ್ಟು ದೊಡ್ಡ ಕೆಂಪು ಬೊಟ್ಟು. ಈಗ ಆ ಸಾಲನ್ನೇ ಅಳಿಸಿದ್ದೇನೆ. ಒದ್ದೆ ನಿಬ್‌ಗೆ ಕಾಯುವ ಅಗತ್ಯವೇ ಇಲ್ಲ.

ಇನ್ನು ಅಕ್ಷರ. ಈ ಕೆಲಸದ ಜೀವ ಇರೋದು ಇಲ್ಲೇ.

ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ, ಒತ್ತು ಕೊಂಬು ಎಲ್ಲ ಜಾಗಕ್ಕೆ ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಅಕ್ಷರಗಳನ್ನು ಪಾತ್, ಅಂದರೆ ಪೆನ್ನು ಓಡುವ ಗೆರೆ, ಮಾಡಿ ಬರೆಸಿದೆ. ಬಂದದ್ದು ಟೊಳ್ಳು ಅಕ್ಷರ. ಫಾಂಟ್ ಅನ್ನೋದು ಅಕ್ಷರದ ಅಂಚು ಮಾತ್ರ, ನಡುವಿನ ಗೆರೆ ಅದರಲ್ಲಿ ಇರೋದೇ ಇಲ್ಲ. ಮೇಲಾಗಿ ಕೊಂಬು, ಎತ್ವ ಬೇರೆ ತುಂಡುಗಳಾಗಿ ಅಕ್ಷರದ ಮೇಲೆ ಕೂತಿದ್ದರೆ, ಒಂದರ ಅಂಚು ಇನ್ನೊಂದರ ಹೊಟ್ಟೆಯಲ್ಲಿ ಹಾದುಹೋಗುತ್ತದೆ. ಯೂನಿಯನ್, ಅಂದರೆ ತುಂಡುಗಳನ್ನೆಲ್ಲ ಒಂದೇ ಆಕಾರ, ಮಾಡಿ ಅದನ್ನು ತೆಗೆದೆ. ಒಳಗೆ ತುಂಬಿಸೋಕೆ 1.5 ಮಿ.ಮೀ.ಗೊಂದು ಗೆರೆ ಎಳೆಸಿದೆ. ಒಂದು ಬೋರ್ಡಿಗೆ 38 ನಿಮಿಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಪೆನ್ನು ಎತ್ತಿ ಇಳಿಸೋದಕ್ಕೇ ಹೋಯಿತು. ಒಮ್ಮೆ ಇಳಿದು ಎದ್ದರೆ 1.2 ಸೆಕೆಂಡ್, ಅಂಥವು ಸಾವಿರದ ಮೇಲೆ. ಒದ್ದೆ ಪೇಂಟಿನ ಮೇಲೆ ಮತ್ತೆ ನಿಬ್ ಓಡಾಡಿ ಅಂಚೆಲ್ಲ ಜೂಲು ಜೂಲು.

ಇಂಗ್ಲಿಷ್‌ಗಾದರೆ ಹರ್ಷೆ ಫಾಂಟ್ ಇದೆ. 1967ರಲ್ಲಿ ಅಮೆರಿಕದ ನೌಕಾಪಡೆಯ ಲ್ಯಾಬಿನಲ್ಲಿ ಮಾಡಿದ್ದು. ಒಂದೇ ಗೆರೆಯ ಅಕ್ಷರ, ಪೆನ್ನು ಹಿಡಿದು ಬರೆಯುವ ಪ್ಲಾಟರ್‌ಗೆ ಹೇಳಿ ಮಾಡಿಸಿದ್ದು. ಗ್ರೀಕ್ ಇದೆ, ರಷ್ಯನ್ನರ ಲಿಪಿ ಇದೆ, ಜಪಾನಿ ಕೂಡ ಇದೆ. ಕನ್ನಡ ಇಲ್ಲ. ಫಾಂಟಿನ ಚಿತ್ರ ತೆಗೆದು ನಡುಗೆರೆ ಹುಡುಕುವ ಸೌಲಭ್ಯ ಇಂಕ್‌ಸ್ಕೇಪಿನಲ್ಲಿದೆ, ಅದನ್ನೂ ನೋಡಿದೆ. ಗೆರೆ ಸೇರುವ ಕಡೆಯೆಲ್ಲ ಮುಳ್ಳು, ಬಾಲ. 'ಲ್ಲ' ಅನ್ನೋದು ಜಿಲೇಬಿ.

ಕೊನೆಗೆ ನಮ್ಮ ಬೀದಿಯ ಪೇಂಟರ್ ಅಣ್ಣನ ಹತ್ತಿರ ಹೋದೆ. ಫ್ಲೆಕ್ಸ್ ಬರುವ ಮುಂಚೆ ಮಂಡ್ಯದ ಎಷ್ಟೋ ಅಂಗಡಿ, ಲಾರಿ, ಗೋಡೆಗಳಿಗೆ ಅಕ್ಷರ ಬರೆದವರು. ಈಗ ಗೇಟಿಗೆ, ಕಿಟಕಿ ಸರಳಿಗೆ ಬಣ್ಣ ಹೊಡೆಯುತ್ತಾರೆ. ನನ್ನ 38 ನಿಮಿಷದ ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಬರ್ದಿರೋದಲ್ಲ ಕಣಪ್ಪ. ಅಕ್ಷರದ ಸುತ್ತ ಓಡಾಡಿರೋದು."

"ಹಂಗಾದ್ರೆ ಹೆಂಗೆ ಬರೀಬೇಕು, ನೀವೇ ತೋರ್ಸಿ ಅಣ್ಣಾ" ಅಂದೆ. ಹಾಳೆ, ಸ್ಕೆಚ್ ಪೆನ್ನು ಮುಂದಿಟ್ಟೆ. ಅವರು ಬರೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ನನಗೆ ಬೇಕಾಗಿದ್ದದ್ದು ಆಕಾರ ಮಾತ್ರ ಅಲ್ಲ, ಯಾವ ಗೆರೆ ಮೊದಲು, ಎಲ್ಲಿ ಶುರು, ಎಲ್ಲಿ ಎತ್ತಿದರು ಅನ್ನೋದು. ಐದು ಬೋರ್ಡಿಗೆ ಬೇಕಾಗಿದ್ದ ಅಕ್ಷರ ಹನ್ನೊಂದೇ: ಅ, ಉ, ಕ, ಚ, ಟ, ಡ, ದ, ಪ, ಬ, ರ, ಲ. ಒತ್ತು ಎರಡು, ಚ ಮತ್ತು ಲ. ಜೊತೆಗೆ ತಲೆಕಟ್ಟು, ದೀರ್ಘ, ಗುಡಿಸು, ಕೊಂಬು, ಎತ್ವ, ಸೊನ್ನೆ, 'ಟ್'ನ ತಲೆ. ಇವನ್ನೇ ತುಂಡು ತುಂಡಾಗಿ ಇಟ್ಟುಕೊಂಡರೆ ಜೋಡಿಸಿಕೊಳ್ಳಬಹುದು ಅಂತ ನನ್ನ ಲೆಕ್ಕ.

ಲೆಕ್ಕ ಮುಕ್ಕಾಲು ಸರಿ. ಎತ್ವ, ಗುಡಿಸು ಬಂದರೆ ತಲೆಕಟ್ಟು ತೆಗೆಯಬೇಕು, ಅದು ಸುಲಭ. ಆದರೆ 'ರಿ'ಯ ಗುಡಿಸು 'ಡಿ'ಗೆ ಹಾಗೇ ಕೂರೋದಿಲ್ಲ. 'ಪು' ಅಂತೂ ಮಾನ ಕಳೆಯಿತು. 'ಕು'ನ ಕೊಂಬನ್ನು ತಂದು 'ಪ'ಗೆ ಅಂಟಿಸಿದೆ. ಪೇಂಟರ್ ಅಣ್ಣ ನಕ್ಕುಬಿಟ್ಟರು. "ಒಂದನೇ ಕ್ಲಾಸ್ ಮೇಷ್ಟ್ರು ಕಿವಿ ಹಿಂಡಿರ್ಲಿಲ್ವಾ ನಿಂಗೆ?" ಪು, ವು ಎರಡಕ್ಕೂ ಕೊಂಬು ಬೇರೆ ಥರ, ಕೆಳಗಿಂದ ಬರುತ್ತದೆ. ಕೈಗೆ ಗೊತ್ತಿದ್ದದ್ದು ಮೌಸ್ ಹಿಡಿದಾಗ ಮರೆತುಹೋಗಿತ್ತು.

ಅವರು ಬರೆಯುವುದನ್ನು ನೋಡಿ ತಿಳಿದ ಇನ್ನೊಂದು ಸಂಗತಿ ಬೋರ್ಡಿನ ಅಂದವನ್ನೇ ಬದಲಿಸಿತು. ಪೆನ್ನು ಇಳಿದ ಜಾಗದಲ್ಲಿ, ಎದ್ದ ಜಾಗದಲ್ಲಿ ಪೇಂಟ್ ಒಂಚೂರು ಜಾಸ್ತಿ ನಿಲ್ಲುತ್ತದೆ. ನಾನು ಗೆರೆಯನ್ನು ಎಲ್ಲೆಂದರಲ್ಲಿ ಶುರು ಮಾಡುತ್ತಿದ್ದೆ, ಹಾಗಾಗಿ ಅಕ್ಷರದ ನಡುಬೆನ್ನಿನ ಮೇಲೆ ಗಂಟು. ಅವರು ಶುರು ಮಾಡೋದು ಮುಂದೆ ಇನ್ನೊಂದು ಗೆರೆ ಬಂದು ಮುಚ್ಚುವ ಜಾಗದಲ್ಲಿ. 'ಚ'ದ ಮೈ ಮೊದಲು, ಅದು ಶುರುವಾದ ಕಡೆಗೇ ಕೊನೆಯಲ್ಲಿ ತಲೆಕಟ್ಟು ಬಂದು ಕೂರುತ್ತದೆ. ಗಂಟು ಮಾಯ. ಎಲ್ಲ ಅಕ್ಷರಗಳ ಶುರುವನ್ನೂ ಹಾಗೇ ತಿದ್ದಿದೆ.

ವಿಡಿಯೋ ನೋಡುತ್ತಾ ಇಂಕ್‌ಸ್ಕೇಪಿನಲ್ಲಿ ಗೆರೆಗಳನ್ನು ಎಳೆದೆ. ಮೊದಲು ಕೈ ನಡುಗಿದ ಹಾಗೆ ಬಂತು. ಕಾರಣ ಕೈಯಲ್ಲ. ಸಾಫ್ಟ್‌ವೇರ್ ಒಂದೊಂದು ಬಾಗನ್ನೂ ನೂರಾರು ಪುಡಿ ಗೆರೆ ಮಾಡಿತ್ತು, ಒಂದೊಂದೂ 0.05 ಮಿ.ಮೀ. ಜಿಆರ್‌ಬಿಎಲ್ ಮುಂದಿನ ಸುಮಾರು 15 ಗೆರೆಗಳನ್ನಷ್ಟೇ ನೋಡಿಕೊಂಡು ವೇಗ ತೀರ್ಮಾನಿಸುತ್ತದೆ. ಆ 15 ಗೆರೆ ಸೇರಿದರೂ ಒಂದು ಮಿ.ಮೀ. ಆಗುವುದಿಲ್ಲ. ಅಷ್ಟರಲ್ಲೇ ನಿಲ್ಲೋಕೆ ಆಗಬೇಕು ಅಂತ ಅದು ವೇಗ ಎತ್ತುವುದೇ ಇಲ್ಲ, ತಡವರಿಸುತ್ತದೆ. ಒಂದೊಂದು ಗೆರೆ 0.3 ಮಿ.ಮೀ. ಆಗುವಂತೆ ಸರಳ ಮಾಡಿದೆ, ನುಣ್ಣಗೆ ಓಡಿತು.

ಆಮೇಲೆ ಸೊನ್ನೆ. 'ಉಂಡೆ'ಯ ಸೊನ್ನೆ ನಿಂಬೆಹಣ್ಣಿನ ಹಾಗೆ ಬಂತು. ಹಿಂದೆ ಮುಂದೆ ಓಡಿಸುವ ವೈ ಅಕ್ಷದ ಸ್ಕ್ರೂ ನಟ್ಟಿನಲ್ಲಿ ಸಡಿಲ ಇತ್ತು, ದಿಕ್ಕು ತಿರುಗಿದಾಗ ಸ್ವಲ್ಪ ದೂರ ಸ್ಕ್ರೂ ತಿರುಗಿದರೂ ಮಿಷಿನ್ ಅಲ್ಲಾಡುತ್ತಿರಲಿಲ್ಲ. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದೆ. ಸೊನ್ನೆ ಗುಂಡಗಾಯಿತು. ಈಗ ಏನೇ ಬಿಚ್ಚಿ ಕಟ್ಟಿದರೂ ಮೊದಲು ಒಂದು ಸೊನ್ನೆ ಬರೆಸಿ ನೋಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಬಂದ ಅಕ್ಷರ ಸೊರಗಿತ್ತು. 6 ಸೆಂ.ಮೀ. ಎತ್ತರದ ಅಕ್ಷರಕ್ಕೆ 2 ಮಿ.ಮೀ. ಗೆರೆ ಏನೇನೂ ಸಾಲದು. ಮೇಜಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಸುಕು. 6 ಮಿ.ಮೀ. ಚಪ್ಪಟೆ ನಿಬ್ಬಿನ ಮಾರ್ಕರ್ ತಂದೆ. ಆ ನಿಬ್ಬನ್ನು ಕೈಯಲ್ಲಿ ಓರೆ ಹಿಡಿದು ಬರೆಯಲಿ ಅಂತ ಓರೆಯಾಗಿ ಕತ್ತರಿಸಿರುತ್ತಾರೆ. ನೆಟ್ಟಗೆ ಹಿಡಿದರೆ ತುದಿ ಮಾತ್ರ ತಾಗುತ್ತದೆ. ಹಾಗಾಗಿ ಕ್ಲಾಂಪನ್ನೂ ಓರೆ ಮಾಡಿ, ನಿಬ್ಬಿನ ಅಂಚು ಅಡ್ಡಗೆರೆಗೆ 30 ಡಿಗ್ರಿ ಇರುವಂತೆ ಕೂರಿಸಿದೆ. ಮಿಷಿನ್ ನಿಬ್ಬನ್ನು ತಿರುಗಿಸುವುದಿಲ್ಲ. ಆದ್ದರಿಂದ ಒಂದು ದಿಕ್ಕಿಗೆ ಹೋದಾಗ ದಪ್ಪ, ಇನ್ನೊಂದು ದಿಕ್ಕಿಗೆ ಸಣ್ಣ, ತಾನಾಗಿಯೇ. ಚಪ್ಪಟೆ ಬ್ರಷ್ಷಿನ ಬರವಣಿಗೆಯ ಹಾಗೆ. 'ಅಚ್ಚು ಬೆಲ್ಲ' ಬರೆಯೋಕೆ ಎರಡು ನಿಮಿಷ ಪೂರ್ತಿ ಹಿಡಿಯಲಿಲ್ಲ. ನಾನು ಮಿಷಿನ್ ಪಕ್ಕ ಕೂತು ಮೂರು ಸಲ ಸುಮ್ಮನೆ ಅದನ್ನೇ ಬರೆಸಿ ನೋಡಿದೆ.

ಒಂದು ನಷ್ಟವೂ ಆಯಿತು. ಓರೆ ಪೆನ್ನಿಗೆ ನನ್ನ ಶಾಯಿ ಅದ್ದುವ ಉಪಾಯ ನಡೆಯುವುದಿಲ್ಲ, ಒತ್ತಿದರೆ ನಿಬ್ ರಟ್ಟಿನ ಮೇಲೆ ಜಾರುತ್ತದೆ. ಈಗ ಬೋರ್ಡಿಗೊಮ್ಮೆ ನಿಲ್ಲಿಸಿ ಪೆನ್ನು ತೆಗೆದು ಕೈಯಲ್ಲೇ ಒತ್ತುತ್ತೇನೆ.

ಬೋರ್ಡಿಗೆ ಬಿಳಿ ಎಸಿಪಿ ಶೀಟಿನ ತುಂಡುಗಳು, ಅಂದರೆ ನಡುವೆ ಪ್ಲಾಸ್ಟಿಕ್, ಎರಡೂ ಬದಿಗೆ ತೆಳು ಅಲ್ಯುಮಿನಿಯಂ. ಅಂಗಡಿ ಮುಂಭಾಗ ಕಟ್ಟುವವರ ಹತ್ತಿರ ಉಳಿಕೆ ತುಂಡು ಅಗ್ಗಕ್ಕೆ ಸಿಗುತ್ತದೆ. ಮೇಲಿನ ಪ್ಲಾಸ್ಟಿಕ್ ಸುಲಿದು ಸ್ಪಿರಿಟ್‌ನಲ್ಲಿ ಒರೆಸಿ ಬರೆಯಬೇಕು. ಬೆರಳಿನ ಜಿಡ್ಡು ಇದ್ದಲ್ಲಿ ಪೇಂಟ್ ಹಿಡಿಯುವುದಿಲ್ಲ. ಥರ್ಮೋಕೋಲ್ ಮೇಲೆ ಮಾತ್ರ ಈ ಮಾರ್ಕರ್ ಹಾಕಬೇಡಿ, ಅದರ ದ್ರಾವಕ ಥರ್ಮೋಕೋಲನ್ನು ತಿಂದುಹಾಕುತ್ತದೆ.

ಬಣ್ಣ ಕೆಂಪು ಅಂತ ಅಕ್ಕನ ಹಟ. ಬಿಸಿಲಿಗೆ ಮೊದಲು ಹೋಗುವುದೇ ಕೆಂಪು ಅಂತ ಪೇಂಟರ್ ಅಣ್ಣ ಎಚ್ಚರಿಸಿದ್ದರು. ಪರೀಕ್ಷೆಗೆ ಎರಡು ತುಂಡು ಮಹಡಿ ಮೇಲೆ ಇಟ್ಟಿದ್ದೆ, ತಿಂಗಳಾಗುವಷ್ಟರಲ್ಲಿ ಕೆಂಪು ಪೇಲವ, ಕಪ್ಪು ಹಾಗೇ. ಮಾರ್ಕರ್ ತರಲು ಮೈಸೂರಿಗೆ ಹೋಗುವಾಗ ಬನ್ನಿಮಂಟಪ ಸಿಗುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಾಕುವ ಶಾಯಿ ತಯಾರಾಗುವುದು ಅಲ್ಲೇ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಆ ಶಾಯಿ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದರೆ ಇನ್ನಷ್ಟು ಕಪ್ಪಾಗುತ್ತದೆ. ಆ ಕಡೆ ಬಿಸಿಲಿಗೆ ಕಪ್ಪಾಗುವ ಶಾಯಿ, ಈ ಕಡೆ ಬಿಸಿಲಿಗೆ ಓಡಿಹೋಗುವ ನನ್ನ ಕೆಂಪು. ಕೊನೆಗೆ ಅಕ್ಷರ ಕಪ್ಪು, ಸುತ್ತ ಅಂಚು ಮಾತ್ರ ಕೆಂಪು ಅಂತ ಒಪ್ಪಂದವಾಯಿತು. ಮಾಸಿದರೆ ಅಂಚನ್ನು ಮತ್ತೆ ಎಳೆದರೆ ಸಾಕು.

ನಾಲ್ಕನೇ ಬೋರ್ಡಿನ ನಡುವೆ ಕರೆಂಟ್ ಹೋಯಿತು. 'ಬಕೆ' ಅಂತ ಬರೆದು ಪೆನ್ನು ಕೆಳಗೇ ನಿಂತಿತು. ಓಡಿಹೋಗಿ ಪೆನ್ನನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ಕರೆಂಟ್ ಬಂದ ಮೇಲೆ ಮಿಷಿನ್‌ಗೆ ತಾನೆಲ್ಲಿದ್ದೇನೆ ಅನ್ನೋದೇ ನೆನಪಿರುವುದಿಲ್ಲ. ಪುಣ್ಯಕ್ಕೆ ಶುರುವಿನ ಮೂಲೆಯನ್ನು ಹುಡುಕಿಕೊಡುವ ಹೋಮಿಂಗ್ ಸ್ವಿಚ್ ಇತ್ತು, ಬೋರ್ಡು ಕೂರುವ ಮೂಲೆಗೆ ಮರದ ಪಟ್ಟಿ ಹೊಡೆದಿದ್ದೆ. ಹೋಮ್ ಮಾಡಿಸಿ, ಬರೆದಾಗಿದ್ದ ಸಾಲುಗಳನ್ನು ಅಳಿಸಿ, 'ಟ್'ನಿಂದ ಮುಂದುವರಿಸಿದೆ. ಹತ್ತಿರ ಬಂದು ನೋಡಿದರೆ ಮಾತ್ರ 'ಕೆ' ಮುಗಿದ ಜಾಗದಲ್ಲಿ ಒಂದು ಗಂಟು ಕಾಣುತ್ತದೆ.

ಐದೂ ಬೋರ್ಡು ಈಗ ಮೇಜಿನ ಮೇಲಿವೆ. ಬೆಲೆಯ ಜಾಗ ಖಾಲಿ ಬಿಟ್ಟಿದ್ದೇನೆ, ಅದು ವಾರವಾರ ಬದಲಾಗುತ್ತದೆ. ಅಕ್ಕ ಸ್ಲೇಟು ಮಾರ್ಕರಿನಲ್ಲಿ ಬರೆದು ಒರೆಸುತ್ತಾಳೆ. ಗಿರಾಕಿಗಳು ಈಗಲೂ ಕೇಳುತ್ತಾರಂತೆ, ಆದರೆ ಹೆಸರಲ್ಲ, ಕುರಿಕಾಟು ಅಂದರೇನು ಅಂತ.

ಭಾವ ಪಕ್ಕದಲ್ಲೇ ಗಾಣ ಇಡುತ್ತಾರಂತೆ. 'ಕಬ್ಬಿನ ಹಾಲು' ಅಂತ ಬೋರ್ಡು ಕೇಳಿದ್ದಾರೆ. ನ, ಹ ಎರಡೂ ನನ್ನ ಹತ್ತಿರ ಇಲ್ಲ, ಬ ಒತ್ತೂ ಇಲ್ಲ. ಬ ಒತ್ತು ಅಂದರೆ ತಲೆಕಟ್ಟಿಲ್ಲದ ಪುಟ್ಟ ಬ ತಾನೆ, ಇರುವ 'ಬ'ವನ್ನೇ ಅರ್ಧ ಮಾಡಿದರಾಯಿತು ಅಂತ ನಿನ್ನೆ ರಾತ್ರಿ ಹಾಕಿ ಬರೆಸಿದೆ. ಅಕ್ಷರ ಅರ್ಧ ಆಯಿತು, ನಿಬ್ ಮಾತ್ರ ಅದೇ 6 ಮಿ.ಮೀ. ಹೊಟ್ಟೆಯೆಲ್ಲ ಮುಚ್ಚಿಹೋಗಿ ಕಪ್ಪು ಮುದ್ದೆ. ಭಾನುವಾರ ಹಾಳೆ ಪೆನ್ನು ತಗೊಂಡು ಮತ್ತೆ ಪೇಂಟರ್ ಅಣ್ಣನ ಮನೆಗೆ ಹೋಗಬೇಕು.